ಮಟ್ಟು ಊರಿನದು, ಅಂಕಿತ ಯಾರದು?

ನವೆಂಬರ್ ಬಂತೆಂದರೆ ನೆಲಮಂಗಲದಂಥ ಊರಿನಲ್ಲಿ ಹಾಡಿಗೆ ಬರವಿರುವುದಿಲ್ಲ. ಸರ್ಕಲ್ಲಿಗೊಂದು ಬಾವುಟ, ಬೀದಿಗೊಂದು ಶಾಮಿಯಾನ, ಶಾಲೆಗೊಂದು ವೇದಿಕೆ. ಬೆಳಿಗ್ಗೆ ಸಮವಸ್ತ್ರದ ಮಕ್ಕಳು ಸಾಲಾಗಿ ನಿಂತು ಹಾಡಿದ್ದನ್ನೇ ಸಂಜೆ ಆರ್ಕೆಸ್ಟ್ರಾದವರು ಕೀಬೋರ್ಡು ಜೋಡಿಸಿಕೊಂಡು ಮತ್ತೆ ಹಾಡುತ್ತಾರೆ. ಹಾಡುಗಳಲ್ಲಿ ದೋಷವಿಲ್ಲ, ಕುವೆಂಪು, ಬೇಂದ್ರೆ, ನಿಸಾರ್ ಅಹಮದ್ ಬರೆದದ್ದು ಎಷ್ಟು ಸಲ ಕೇಳಿದರೂ ಸವೆಯುವಂಥದ್ದಲ್ಲ. ಆದರೂ ಒಂದು ಲೆಕ್ಕ ತಾಳೆಯಾಗುವುದಿಲ್ಲ. ಇಷ್ಟೊಂದು ಹಾಡುವ ಊರು ತನ್ನ ಬದುಕಿನ ಬಗ್ಗೆ ತಾನೇ ಕಟ್ಟಿಕೊಂಡ ಹಾಡು ಎಷ್ಟಿವೆ? ಅದರಲ್ಲೂ ಇಲ್ಲಿನ ಮನೆಮನೆಯಲ್ಲಿ ದಿನಬೆಳಗಾದರೆ ಕೇಳಿಬರುವ ‘ನಾಲ್ಕು ಜನ ಏನಂತಾರೆ’ ಎಂಬ ಮಾತಿನ ಬಗ್ಗೆ, ಆ ನಾಲ್ಕು ಜನರ ನಡುವೆ ತನ್ನದೊಂದು ಅರ್ಥ ಹುಡುಕಿಕೊಳ್ಳುವ ಒದ್ದಾಟದ ಬಗ್ಗೆ, ಯಾರಾದರೂ ಕಟ್ಟಿದ್ದಾರೆಯೇ?

ವಿಷಯಕ್ಕಂತೂ ಕೊರತೆಯಿಲ್ಲ. ಬೆಂಗಳೂರಿನಿಂದ ಬಂದ ಹೆದ್ದಾರಿ ಇಲ್ಲಿ ಎರಡಾಗಿ ಒಡೆಯುತ್ತದೆ: ಒಂದು ತುಮಕೂರು ಹಾದು ಪುಣೆ, ಮುಂಬಯಿ ಕಡೆಗೆ, ಇನ್ನೊಂದು ಕುಣಿಗಲ್, ಹಾಸನ ದಾಟಿ ಮಂಗಳೂರಿಗೆ. ಎರಡು ದಾರಿಯ ನಡುವೆ ನಿಂತ ಊರಿನ ಮಕ್ಕಳಿಗೆ ಮಾತ್ರ ದಾರಿ ಒಂದೇ. ಅಂಕ ಬಂದರೆ ಸೈನ್ಸು, ಸೈನ್ಸಾದರೆ ಎಂಜಿನಿಯರಿಂಗು, ಬರದಿದ್ದರೆ ಪೀಣ್ಯವೋ ದಾಬಸ್‌ಪೇಟೆಯೋ. ಕೊನೆಗೆ ಮೂವತ್ತು-ನಲವತ್ತರ ಒಂದು ಸೈಟು, ಅದಕ್ಕೊಂದು ಸಾಲ, ಗೃಹಪ್ರವೇಶಕ್ಕೆ ಪಕ್ಕದ ಮನೆಯವರಿಗಿಂತ ಒಂದು ಪಂಕ್ತಿ ಹೆಚ್ಚು ಊಟ. ರಾಗಿ ಹೊಲವಿದ್ದ ಕಡೆ ಲೇಔಟಿನ ಕಲ್ಲು ನೆಟ್ಟಿದೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಬಾಡಿಗೆ ಮನೆಯಲ್ಲಿ ಬೆಳೆದವರಿಗೆ ಸ್ವಂತ ಗೋಡೆ ಎಂದರೆ ಏನು ಎಂಬುದು ಗೊತ್ತಿಲ್ಲದವರು ಮಾತ್ರ ಸೈಟಿನ ಆಸೆಯನ್ನು ಆಡಿಕೊಳ್ಳಬಲ್ಲರು. ‘ಇದು ನನಗೆ ಬೇಕಿತ್ತೇ, ಬೇಕು ಎಂದು ನನಗೆ ಹೇಳಿಕೊಟ್ಟದ್ದೇ’ ಎಂಬ ಪ್ರಶ್ನೆಗೆ ಬಾಯಿ ಇಲ್ಲದಿರುವುದಷ್ಟೇ ಇಲ್ಲಿ ತಕರಾರು.

ಅಂಥ ಪ್ರಶ್ನೆಯನ್ನು ಹಾಡಾಗಿಸಲು ಹೊರಟವರು ಮೊದಲು ಎಡವುವುದು ಒಂದೇ ಕಡೆ. ಅವರು ತಮ್ಮನ್ನು ಮಂದೆಯಿಂದ ಹೊರಗೆ ನಿಲ್ಲಿಸಿಕೊಂಡು ಉಳಿದವರನ್ನೆಲ್ಲ ಕುರಿ ಎನ್ನುತ್ತಾರೆ. 1962ರಲ್ಲಿ ಅಮೆರಿಕದ ಮಾಲ್ವಿನಾ ರೆನಾಲ್ಡ್ಸ್ ಎಂಬ ಅರವತ್ತು ದಾಟಿದ ಹೆಂಗಸು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಡೇಲಿ ಸಿಟಿಯ ಗುಡ್ಡದ ಮೇಲೆ ಒಂದೇ ಅಚ್ಚಿನಲ್ಲಿ ಎದ್ದ ಮನೆಗಳನ್ನು ಕಂಡು ‘ಲಿಟಲ್ ಬಾಕ್ಸಸ್’ ಎಂಬ ಹಾಡು ಬರೆದಳು. ಪೀಟ್ ಸೀಗರ್ ದನಿಯಲ್ಲಿ ಅದು ಲೋಕವೆಲ್ಲ ಸುತ್ತಿತು. ಚುರುಕಾದ, ಮಗುವೂ ಗುನುಗಬಹುದಾದ ಹಾಡು. ಆದರೆ ಸಾಲ ತೀರಿಸಿ ಮೊದಲ ಸಲ ಸ್ವಂತ ಸೂರು ಕಂಡವರನ್ನು ಗುಡ್ಡದಾಚೆಯಿಂದ ಗೇಲಿ ಮಾಡಿದಂತಾಯಿತು ಎಂಬ ಆಕ್ಷೇಪವೂ ಅದರ ಬೆನ್ನು ಬಿಡಲಿಲ್ಲ. ಆಕ್ಷೇಪದಲ್ಲಿ ಹುರುಳಿದೆ. ಆ ಮನೆಗಳೊಳಗಿನಿಂದ ಒಂದು ದನಿಯೂ ಅಲ್ಲಿ ಕೇಳುವುದಿಲ್ಲ.

ಇದೇ ವಿಷಯವನ್ನು ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಕವಿಯೊಬ್ಬರು ಹೇಗೆ ಹಿಡಿದರು ನೋಡಿ. ಕೆ.ಎಸ್. ನಿಸಾರ್ ಅಹಮದ್ ಹುಟ್ಟಿದ್ದು 1936ರಲ್ಲಿ, ದೇವನಹಳ್ಳಿಯಲ್ಲಿ, ಕಲಿಸಿದ್ದು ಭೂವಿಜ್ಞಾನ. ಅವರ ‘ಕುರಿಗಳು ಸಾರ್ ಕುರಿಗಳು’ ಕನ್ನಡದಲ್ಲಿ ಮಂದೆತನದ ಬಗ್ಗೆ ಬಂದ ಅತ್ಯಂತ ಪ್ರಸಿದ್ಧ ಪದ್ಯ. ಹಾಡಾಗಿ ಊರೂರು ಸುತ್ತಿ, 2001ರಲ್ಲಿ ಒಂದು ಸಿನಿಮಾದ ಹೆಸರೂ ಆಯಿತು. ಅದರ ಜೀವಾಳ ಕುರಿಯಲ್ಲಿಲ್ಲ, ‘ಸಾರ್’ನಲ್ಲಿದೆ. ನಾವು ಕುರಿಗಳು ಎಂಬ ದೂರನ್ನು ಕೂಡ ಯಾವನೋ ಸಾಹೇಬನ ಮೇಜಿನ ಮುಂದೆ ಕೈಕಟ್ಟಿ ನಿಂತು ಹೇಳುವ ದೈನ್ಯ ಆ ಒಂದೇ ಪದದಲ್ಲಿ ಬಂದು ಕೂತಿದೆ. ತಾಲ್ಲೂಕು ಕಚೇರಿಯ ಪಡಸಾಲೆಯಲ್ಲಿ ಪಹಣಿಗೆ ಕಾದು ನಿಂತ ಯಾರಿಗೂ ಆ ‘ಸಾರ್’ ವಿವರಿಸಿ ಹೇಳಬೇಕಿಲ್ಲ. ಜೊತೆಗೆ, ಆ ಮಂದೆಯಲ್ಲಿ ಕವಿಯೂ ಇದ್ದಾನೆ. ಬೆರಳು ತೋರಿಸುವವನೂ ಸಾಲಿನಲ್ಲೇ ನಡೆಯುತ್ತಿದ್ದಾನೆ. ಅದಕ್ಕೇ ಕೇಳುಗ ಮುನಿಸಿಕೊಳ್ಳುವುದಿಲ್ಲ, ನಗುತ್ತಾನೆ, ನಕ್ಕ ಮೇಲೆ ತಲೆ ತಗ್ಗಿಸುತ್ತಾನೆ. ನಿಸಾರ್ ಅವರದೇ ಇನ್ನೊಂದು ಪದ್ಯದ ಹೆಸರು ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’. ಬಿಟ್ಟುಹೋಗುವ ಪ್ರಶ್ನೆಯೇ ಅಲ್ಲಿಲ್ಲ. ಒಡನಿದ್ದೇ ಬೇರೆಯಾಗಿರುವುದು ಎಷ್ಟು ಕಷ್ಟ ಎಂಬುದು ಅಲ್ಲಿನ ಸಂಕಟ. ಕನ್ನಡದ ಮುಸ್ಲಿಂ ಕವಿಯೊಬ್ಬರ ಬದುಕಿನ ಹಿನ್ನೆಲೆಯಲ್ಲಿ ಹಲವರು ಅದನ್ನು ಓದಿದ್ದಾರೆ. ಆದರೆ ಕಂಪನಿ ಬಸ್ಸಿನ ಕಿಟಕಿ ಪಕ್ಕ ಕೂತ ಯಾವ ಹುಡುಗಿಯೂ ಅದನ್ನು ತನ್ನದೆಂದು ಓದಿಕೊಳ್ಳಬಹುದು.

ಆದ್ದರಿಂದ ಹೊಸ ಹಾಡು ಎಂದರೆ ಎಲ್ಲರಿಗಿಂತ ಬೇರೆಯಾದ ರಾಗ, ಬೇರೆಯಾದ ವೇಷ ಎಂದು ತಿಳಿಯುವುದು ತಪ್ಪು. ಊರಿನ ಮಟ್ಟಿನಲ್ಲೇ ಹಾಡಿ ಅದರೊಳಗೆ ತನ್ನ ಅಂಕಿತ ಒತ್ತುವುದು ಕನ್ನಡದ ಹಳೆಯ ವಿದ್ಯೆ. ದಾಸರ ಪದಗಳೂ ರಂಗಗೀತೆಗಳೂ ಜನಕ್ಕೆ ಗೊತ್ತಿದ್ದ ಮಟ್ಟುಗಳನ್ನು ಸಂಕೋಚವಿಲ್ಲದೆ ಎರವಲು ಪಡೆದವು. ‘ಇಂಥ ಹಾಡಿನ ಮಟ್ಟು’ ಎಂದು ಮೇಲೆ ಬರೆದುಕೊಳ್ಳುವುದಕ್ಕೆ ಯಾರೂ ನಾಚಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸಿಗೆ ತ್ರಿಪದಿಯ ಮೂರು ಸಾಲು ಮೊದಲೇ ಸಿದ್ಧವಿತ್ತು. ತವರಿನ ನೆನಪು, ಅತ್ತೆಯ ಮಾತು, ಬಾರದ ಅಣ್ಣ, ಇವನ್ನು ಅದರಲ್ಲಿ ತುಂಬುವುದಷ್ಟೇ ಆಕೆಯ ಕೆಲಸ. ಅಚ್ಚು ಎಲ್ಲರದು, ಅಳಲು ಒಬ್ಬಳದು. ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿದಾಗ ತೋಳಿನ ನೋವಿನ ಜೊತೆಗೆ ಆ ಅಚ್ಚೂ ಹೋಯಿತು. ನೋವು ಹೋದದ್ದಕ್ಕೆ ಯಾರೂ ಮರುಗಬೇಕಿಲ್ಲ. ಅಚ್ಚಿನ ಜಾಗಕ್ಕೆ ಬೇರೇನೂ ಬರಲಿಲ್ಲವಲ್ಲ ಎಂಬುದಕ್ಕೆ ಮರುಗಬಹುದು.

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ನೆಲಮಂಗಲದ ಹೊಲದಲ್ಲೇ ಬೆಳೆಯುತ್ತದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಯಾರು ಹೆಚ್ಚು ಎಂಬ ಜಗಳ, ಎರಡನ್ನೂ ಸೆರೆಯಲ್ಲಿಟ್ಟಾಗ ಅಕ್ಕಿ ಮುಗ್ಗಿ, ರಾಗಿ ಗಟ್ಟಿಯಾಗಿ ಉಳಿದು ರಾಮನ ಹೆಸರನ್ನೇ ಪಡೆಯುತ್ತದೆ. ಉಳ್ಳವರ ತಟ್ಟೆಯ ಅನ್ನದ ಮುಂದೆ ದುಡಿಯುವವರ ಮುದ್ದೆಗೆ ಮಾನ ತಂದುಕೊಟ್ಟ ಈ ಕಾವ್ಯಕ್ಕೆ ಕನಕದಾಸರು ಆರಿಸಿಕೊಂಡ ಛಂದಸ್ಸು ಭಾಮಿನಿ ಷಟ್ಪದಿ. ಕುಮಾರವ್ಯಾಸ ರಾಜಾಧಿರಾಜರ ಯುದ್ಧ ಹೇಳಲು ಬಳಸಿದ, ಗಮಕಿಗಳ ಬಾಯಲ್ಲಿ ಪಳಗಿದ, ಎಲ್ಲರೂ ಒಪ್ಪಿದ ನಡೆ. ರಾಗಿಗೊಂದು ಹೊಸ ಛಂದಸ್ಸು ಬೇಕೆಂದು ಕನಕದಾಸರು ಹಟ ಹಿಡಿದಿದ್ದರೆ ಕೇಳುವವರು ಎಷ್ಟು ಜನ ಇರುತ್ತಿದ್ದರೋ. ರಾಜರ ಪಲ್ಲಕ್ಕಿಯಲ್ಲಿ ರಾಗಿಯನ್ನು ಕೂರಿಸಿದ್ದರಲ್ಲೇ ಬಂಡಾಯವಿದೆ.

‘ತನ್ನ ಅರ್ಥ, ತನ್ನ ದಾರಿ ಎಂಬುದೆಲ್ಲ ಪಶ್ಚಿಮದ ಸರಕು, ನಮ್ಮದು ಕೂಡಿ ಬಾಳುವ ಸಂಸ್ಕೃತಿ’ ಎಂಬ ಮಾತು ಇಲ್ಲಿ ಎದ್ದೇ ಏಳುತ್ತದೆ. ಅಂಕಿತವೆಂದರೆ ದೇವರ ಹೆಸರಲ್ಲವೇ, ಅದರಲ್ಲಿ ‘ನಾನು’ ಎಲ್ಲಿದೆ ಎಂದೂ ಕೇಳಬಹುದು. ಹನ್ನೆರಡನೆಯ ಶತಮಾನದ ವಚನಕಾರರಿಗೆ ಶಿವ ಒಬ್ಬನೇ ಆಗಿದ್ದ, ನಿಜ. ಆದರೆ ಪ್ರತಿಯೊಬ್ಬರೂ ಆ ಒಬ್ಬನಿಗೆ ತಮ್ಮದೇ ಹೆಸರಿಟ್ಟು ಕರೆದರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಮಡಿವಾಳ ಮಾಚಯ್ಯನಿಗೆ ಕಲಿದೇವರದೇವ. ಅಂಬಿಗರ ಚೌಡಯ್ಯ ದೇವರ ಹೆಸರಿನ ಉಸಾಬರಿಗೇ ಹೋಗದೆ, ಕಸುಬಿನ ಸಮೇತ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಸೂಳೆ ಸಂಕವ್ವೆಯ ಅಂಕಿತವಂತೂ ನಿರ್ಲಜ್ಜೇಶ್ವರ. ಊರು ಆಕೆಯ ಮೇಲೆ ಹೊರಿಸಿದ್ದ ನಾಚಿಕೆಯನ್ನು ಆಕೆ ಅಳಿಸಿಕೊಳ್ಳಲಿಲ್ಲ, ಮುಚ್ಚಿಕೊಳ್ಳಲಿಲ್ಲ. ನಾಚಿಕೆಯೇ ಇಲ್ಲದ ಈಶ್ವರನೊಬ್ಬನನ್ನು ಕಂಡುಕೊಂಡು ಅವನ ಹೆಸರಿನಲ್ಲಿ ಸಹಿ ಹಾಕಿದಳು. ನಮಗೆ ಉಳಿದಿರುವುದು ಆಕೆಯ ಒಂದೇ ವಚನ. ನಾಲ್ಕು ಜನ ಏನಂತಾರೆ ಎಂಬ ಪ್ರಶ್ನೆಗೆ ಎಂಟುನೂರು ವರ್ಷಗಳ ಹಿಂದೆ ಒಬ್ಬ ಹೆಂಗಸು ಕೊಟ್ಟ ಉತ್ತರ ಇದು, ಕನ್ನಡದಲ್ಲೇ ಕೊಟ್ಟದ್ದು. ಇದನ್ನು ಯಾವ ಹಡಗು ತಂದಿಳಿಸಿತ್ತು?

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಸ್ವಂತ ಅರ್ಥದ ಹುಡುಕಾಟ ಹೊಟ್ಟೆ ತುಂಬಿದವರ ಹವ್ಯಾಸ. ತುಳಿತಕ್ಕೆ ಸಿಕ್ಕವರಿಗೆ ಬೇಕಾದ್ದು ಒಕ್ಕೊರಲು, ಒಂಟಿ ದನಿಯಲ್ಲ. ನೆಲಮಂಗಲಕ್ಕೆ ಅಂಟಿಕೊಂಡಂತಿರುವ ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ದಲಿಂಗಯ್ಯನವರ ಹಾಡುಗಳು ಜಾಥಾಗಳಲ್ಲಿ, ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಒಟ್ಟಾಗಿ ಹಾಡಿದ ಹಾಡುಗಳು. ಅಲ್ಲಿ ‘ನಾನು’ ಹುಡುಕುತ್ತ ಕೂತರೆ ಹಾಡಿನ ಶಕ್ತಿಯೇ ಸೋರಿಹೋದೀತು ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ 1975ರಲ್ಲಿ ಬಂದ ಅವರ ಮೊದಲ ಸಂಕಲನದ ಹೆಸರನ್ನು ನೋಡಬೇಕು: ‘ಹೊಲೆಮಾದಿಗರ ಹಾಡು’. ಯಾವ ಹೆಸರನ್ನು ಬೈಗುಳವಾಗಿ ಬಳಸಲಾಗುತ್ತಿತ್ತೋ ಅದನ್ನೇ ಮುಖಪುಟಕ್ಕೆ ತಂದು ಅದರ ಪಕ್ಕದಲ್ಲಿ ‘ಹಾಡು’ ಎಂಬ ಪದ ಇಟ್ಟರು. ಸಂಕವ್ವೆ ಮಾಡಿದ್ದೂ ಇದೇ ಅಲ್ಲವೇ? ಒಕ್ಕೊರಲು ಹುಟ್ಟುವುದಕ್ಕೆ ಮುಂಚೆ ಯಾರೋ ಒಬ್ಬರು ನಾಲ್ಕು ಜನ ಇಟ್ಟ ಹೆಸರಿನ ಅರ್ಥವನ್ನು ತಿರುಗಿಸಿ ಬರೆಯಬೇಕಾಯಿತು. ಆಮೇಲೆ ಅದನ್ನು ನೂರು ಜನ ಹಾಡಿದಾಗ ಅವರು ಮಂದೆಯಾಗಿರಲಿಲ್ಲ.

ಒಂದು ದನಿಯಿಂದ ಏನಾದೀತು ಎನ್ನುವವರಿಗೆ ಸಾಹಿತ್ಯದ ಹೊರಗಿನ ಒಂದು ಸಾಕ್ಷಿ ಇದೆ. 1950ರ ಆಸುಪಾಸಿನಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದಲ್ಲಿ ಕಾಲೇಜು ಹುಡುಗರನ್ನು ಕೂರಿಸಿ ಒಂದು ಗೆರೆ ತೋರಿಸಿದ. ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದು ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು. ಕಣ್ಣಿರುವ ಯಾರಿಗೂ ತಪ್ಪದ ಉತ್ತರ. ಆದರೆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್‌ನ ಕಡೆಯವರು; ಬೇಕೆಂದೇ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಆ ಒಬ್ಬನ ಸರದಿ ಬರುವ ಹೊತ್ತಿಗೆ ‘ನಾಲ್ಕು ಜನ’ ಹೇಳಿ ಆಗಿರುತ್ತಿತ್ತು. ಅಂಥ ಸಂದರ್ಭಗಳಲ್ಲಿ ಬಂದ ಉತ್ತರಗಳ ಪೈಕಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಗುಂಪಿನ ತಪ್ಪನ್ನೇ ಒಪ್ಪಿದವು. ಒಮ್ಮೆಯೂ ಮಣಿಯದವರು ಸುಮಾರು ಕಾಲುಭಾಗ ಮಾತ್ರ. ಆಮೇಲೆ ಆಶ್ ಒಂದು ಬದಲಾವಣೆ ಮಾಡಿದ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವಂತೆ ಏರ್ಪಾಟು. ಅಷ್ಟಕ್ಕೇ ತಪ್ಪಿಗೆ ಮಣಿಯುವುದು ನಾಲ್ಕನೇ ಒಂದು ಪಾಲಿಗೆ ಇಳಿಯಿತು. ಇನ್ನೂ ಸ್ವಾರಸ್ಯವೆಂದರೆ, ಆ ಒಬ್ಬ ಹೇಳಿದ್ದು ಸರಿಯಾಗಿರಬೇಕೆಂದೂ ಇರಲಿಲ್ಲ; ಅವನೂ ತಪ್ಪನ್ನೇ ಹೇಳಿದರೂ, ಗುಂಪಿನ ತಪ್ಪಿಗಿಂತ ಬೇರೆ ತಪ್ಪು ಹೇಳಿದರೆ ಸಾಕಾಗುತ್ತಿತ್ತು. ಪಕ್ಕದವನಿಗೆ ತನ್ನ ಕಣ್ಣನ್ನು ನಂಬುವ ಧೈರ್ಯ ಬರುತ್ತಿತ್ತು.

‘ಎಲ್ಲರೂ ಕವಿಗಳಾದರೆ ಓದುವವರು ಯಾರು, ಕೆಟ್ಟ ಹಾಡು ಇನ್ನಷ್ಟು ಯಾಕೆ’ ಎಂಬ ಗೊಣಗಿಗೆ ಉತ್ತರ ಇದರಲ್ಲೇ ಇದೆ. ನೆಲಮಂಗಲದ ಹುಡುಗನೊಬ್ಬ ಕಟ್ಟಿದ ಹಾಡು ಬೇಂದ್ರೆಯ ಎತ್ತರಕ್ಕೆ ಏರಬೇಕಿಲ್ಲ. ಆಶ್‌ನ ಕೋಣೆಯ ಆ ಇನ್ನೊಬ್ಬನಾದರೆ ಸಾಕು. ಪ್ರಾಸ ಮುಗ್ಗರಿಸಲಿ, ಮಾತ್ರೆ ಹೆಚ್ಚುಕಡಿಮೆಯಾಗಲಿ. ಕೇಳಿದ ಪಕ್ಕದ ಬೆಂಚಿನವನಿಗೆ ‘ಹೀಗೆ ಅನ್ನಿಸುವುದು ನನಗೊಬ್ಬನಿಗೇ ಅಲ್ಲ’ ಎನ್ನಿಸಿದರೆ ಹಾಡು ತನ್ನ ಕೆಲಸ ಮಾಡಿತು. ದೊಡ್ಡ ಕವಿಯ ಹಾಡಿಗೆ ಈ ಕೆಲಸ ಪೂರ್ತಿ ಆಗುವುದಿಲ್ಲ, ಏಕೆಂದರೆ ದೊಡ್ಡ ಕವಿ ಆಗಲೇ ‘ನಾಲ್ಕು ಜನ’ರಲ್ಲಿ ಒಬ್ಬರಾಗಿ ಪಠ್ಯಪುಸ್ತಕದಲ್ಲಿ ಕೂತಿರುತ್ತಾರೆ. ಮನುಷ್ಯನಿಗೆ ಮನೆ, ಮತಗಳ ಬೇಲಿ ಬೇಡವೆಂದ ಕುವೆಂಪು ಅವರ ‘ಅನಿಕೇತನ’ವನ್ನು ಎಡಬಲ ತಿರುಗದಂತೆ ತಾಕೀತು ಮಾಡಿಸಿಕೊಂಡ ಮಕ್ಕಳು ಸಾಲಾಗಿ ನಿಂತು ಹಾಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಸಾಲು, ತಾಳ, ಒಕ್ಕೊರಲು ಎಲ್ಲವೂ ಗುಲಾಮಗಿರಿ ಎಂದು ಸಾಧಿಸಲು ಹೊರಟರೆ ಅದು ಇನ್ನೊಂದು ಬಗೆಯ ಮಂಕುತನ. ಹೆದ್ದಾರಿ ಒಡೆಯುವ ಕಡೆ ಪ್ರತಿಯೊಬ್ಬ ಲಾರಿ ಚಾಲಕನೂ ಸ್ವಂತ ಅರ್ಥ ಹುಡುಕತೊಡಗಿದರೆ ಏನಾದೀತೆಂದು ಊಹಿಸಿದರೆ ಸಾಕು. ನಾಡಗೀತೆಯ ಉದಾಹರಣೆಯೂ ಇದೆ. 2004ರಲ್ಲಿ ಕುವೆಂಪು ಗೀತೆ ಅಧಿಕೃತ ನಾಡಗೀತೆಯಾಯಿತು. ಆದರೆ ಯಾವ ಧಾಟಿ, ಎಷ್ಟು ಹೊತ್ತು ಎಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು, 2 ನಿಮಿಷ 30 ಸೆಕೆಂಡಿನ ಮಿತಿಯನ್ನು ನಿಗದಿ ಮಾಡಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2024ರ ಏಪ್ರಿಲ್‌ನಲ್ಲಿ ಹೈಕೋರ್ಟ್ ವಜಾ ಮಾಡಿತು. ಸರಿಯಾದ ತೀರ್ಮಾನವೇ. ಎಲ್ಲರೂ ಎದ್ದು ನಿಂತು ಒಟ್ಟಿಗೆ ಹಾಡಬೇಕಾದ ಹಾಡಿಗೆ ಒಂದೇ ಧಾಟಿ ಇರಬೇಕು. ನನ್ನ ತಕರಾರು ಆ ಎರಡೂವರೆ ನಿಮಿಷದ ಬಗ್ಗೆ ಅಲ್ಲ, ಅದು ಮುಗಿದ ಮೇಲಿನ ಮೂರು ಗಂಟೆಯ ಕಾರ್ಯಕ್ರಮದ ಬಗ್ಗೆ. ಅದೂ ನಾಡಗೀತೆಯ ಶಿಸ್ತಿನಲ್ಲೇ ಯಾಕೆ ಸಾಗಬೇಕು?

ಬೇರೆಯಾಗಿರುವುದು ಈಗ ಮಾರಾಟದ ಸರಕಾಗಿದೆ ಎಂಬುದನ್ನೂ ಒಪ್ಪಬೇಕು. ನಾನು ಯಾರಂತೆಯೂ ಅಲ್ಲ ಎಂದು ಸಿನಿಮಾ ಹೀರೋ ಎಂಟ್ರಿ ಹಾಡಿನಲ್ಲಿ ಗುಡುಗುವಾಗ ಹಿಂದೆ ನೂರು ಮಂದಿ ಒಂದೇ ಬಣ್ಣದ ಅಂಗಿ ತೊಟ್ಟು ಒಂದೇ ಹೆಜ್ಜೆ ಹಾಕುತ್ತಿರುತ್ತಾರೆ. ಯಾರಿಗೂ ನಗು ಬರದಿರುವುದು ಸೋಜಿಗ. ಮೊಬೈಲಿನಲ್ಲಿ ಸಿದ್ಧ ಬೀಟ್ ಇಳಿಸಿಕೊಂಡು ರ‍್ಯಾಪ್ ಕಟ್ಟುವ ಹುಡುಗರನ್ನು ಮಾತ್ರ ಆ ಸಾಲಿಗೆ ಸೇರಿಸಬಾರದು. ಆ ಬೀಟ್ ಅವರ ಪಾಲಿನ ಮಟ್ಟು. ಅದನ್ನು ಎಲ್ಲಿಂದ ತಂದರು ಎಂದು ಕೇಳಬೇಕಿಲ್ಲ, ಮೇಲೆ ಕೂರಿಸಿದ ಮಾತು ತಮ್ಮ ಬೀದಿಯದೋ ಮುಂಬಯಿಯ ಬೀದಿಯದೋ ಎಂದು ಕೇಳಬೇಕು. ಇನ್ನು ಎಐ ಆಪ್‌ಗಳು. ವಿಷಯ ಹೇಳಿದರೆ ಮರುಕ್ಷಣ ಪಲ್ಲವಿ, ಚರಣ, ರಾಗ, ದನಿ ಎಲ್ಲ ಸಿದ್ಧ. ಆದರೆ ಈವರೆಗೆ ಎಲ್ಲರೂ ಬರೆದದ್ದನ್ನು ಉಂಡು ಅದರ ಸರಾಸರಿಯನ್ನು ಬಡಿಸುವುದು ಆ ಯಂತ್ರದ ಸ್ವಭಾವ. ಅಂದರೆ ಅದೇ ‘ನಾಲ್ಕು ಜನ’, ನಾಲ್ಕು ಕೋಟಿಯಾಗಿ. ರಾಗ ಬೇಕಾದರೆ ಅದರಿಂದ ಪಡೆಯಬಹುದು, ಎರವಲು ಮಟ್ಟಿನ ಹಾಗೆ. ಅಂಕಿತ ಹಾಕುವ ಜಾಗಕ್ಕೆ ಬಂದಾಗ ಅದರ ಹತ್ತಿರ ಹೇಳಲು ಏನೂ ಇರುವುದಿಲ್ಲ. ಅದಕ್ಕೆ ಊರಿಲ್ಲ, ನಾಚಿಕೆಯಿಲ್ಲ, ಮೀರಬೇಕಾದ ಮಾತೂ ಇಲ್ಲ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಯೋಜನೆಯೇನೂ ಬೇಡ. ಶಾಲಾ ಮಕ್ಕಳ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ, ಭಕ್ತಿಗೀತೆ, ದೇಶಭಕ್ತಿಗೀತೆ ಎಂದು ಹಾಡುವ ವಿಭಾಗಗಳಿವೆ; ಇವುಗಳಲ್ಲೆಲ್ಲ ಸಾಮಾನ್ಯವಾಗಿ ಮಗು ಹಾಡುವುದು ಬೇರೆಯವರು ಬರೆದು ಬೇರೆಯವರು ರಾಗ ಕಟ್ಟಿದ್ದನ್ನು, ಮೂಲಕ್ಕೆ ಎಷ್ಟು ಹತ್ತಿರವೋ ಅಷ್ಟು ಅಂಕ ಎಂಬ ನಂಬಿಕೆಯಲ್ಲಿ. ಛದ್ಮವೇಷ, ಮಿಮಿಕ್ರಿಗಳೂ ಇನ್ನೊಬ್ಬರಾಗುವ ಕಲೆಗಳೇ. ಇವು ಇರಲಿ. ಇವುಗಳ ಪಕ್ಕದಲ್ಲಿ, ಕಡೇ ಪಕ್ಷ ನೆಲಮಂಗಲ ತಾಲ್ಲೂಕಿನ ಮಟ್ಟದಲ್ಲಿ, ಸ್ವಂತ ಹಾಡಿಗೊಂದು ವಿಭಾಗ ತೆರೆಯಲಿ. ಮಟ್ಟು ಯಾವುದಾದರೂ ಆಗಬಹುದು: ಸೋಬಾನೆ, ಕೋಲಾಟದ ಪದ, ಭಜನೆ, ಸಿನಿಮಾ, ರ‍್ಯಾಪ್. ಮಾತು ಮಾತ್ರ ಮಗುವಿನದೇ ಆಗಿರಬೇಕು, ಕೊನೆಯ ಸಾಲಿನಲ್ಲಿ ತಾನೇ ಆರಿಸಿಕೊಂಡ ಅಂಕಿತ ಇರಬೇಕು. ಮೇಷ್ಟ್ರು ತಿದ್ದಿಕೊಡುವ ಅಪಾಯ ಇದ್ದೇ ಇದೆ, ಅಪ್ಪ ಅಮ್ಮ ಬರೆದುಕೊಡುವ ಅಪಾಯ ಇನ್ನೂ ಹೆಚ್ಚು. ಅದಕ್ಕೆ ವಿಷಯವನ್ನು ಅಲ್ಲೇ ಕೊಟ್ಟು ಒಂದು ಗಂಟೆ ಕೂರಿಸುವುದು ಸುಲಭದ ದಾರಿ. ಆಶುಭಾಷಣಕ್ಕೆ ನಡೆಯುವುದು ಹಾಡಿಗೆ ನಡೆಯಬಾರದೆಂದೇನಿಲ್ಲ. ತೀರ್ಪುಗಾರರಿಗೂ ಕಷ್ಟವಿದೆ, ಒಪ್ಪಬೇಕು: ಶ್ರುತಿ, ತಾಳ, ಉಚ್ಚಾರಣೆಗೆ ಅಂಕ ಹಾಕುವುದು ಗೊತ್ತು, ತನ್ನ ಕಣ್ಣಿನಿಂದ ನೋಡಿದ್ದಕ್ಕೆ ಹಾಕುವುದು ಹೇಗೆ?

ಅದಕ್ಕೆ ಶಿವಗಂಗೆಯ ಬೆಟ್ಟದ ಮಾತು ನೆನಪಿಸಬಹುದು. ಪೂರ್ವದಿಂದ ನೋಡಿದವರಿಗೆ ನಂದಿ, ಪಶ್ಚಿಮದಿಂದ ಗಣಪ, ಉತ್ತರದಿಂದ ಹಾವು, ದಕ್ಷಿಣದಿಂದ ಲಿಂಗ ಎಂದು ಈ ಸೀಮೆಯ ಜನ ಹೇಳಿಕೊಂಡು ಬಂದಿದ್ದಾರೆ. ಬೆಟ್ಟ ಒಂದೇ, ಅದರಲ್ಲಿ ಯಾರಿಗೂ ತಕರಾರಿಲ್ಲ. ಮಗು ಯಾವ ದಿಕ್ಕಿನಲ್ಲಿ ನಿಂತು ಹಾಡುತ್ತಿದೆ ಎಂಬುದು ಕೇಳುವವರಿಗೆ ತಿಳಿಯುತ್ತಿದೆಯೇ ಎಂದಷ್ಟೇ ತೀರ್ಪುಗಾರರು ನೋಡಲಿ, ಅದಕ್ಕೆ ಅಂಕ ಹಾಕಲಿ. ಮೊದಲ ವರ್ಷ ಬಹುಮಾನವೂ ಬೇಡ. ಬಹುಮಾನ ಇಟ್ಟ ಮರುವರ್ಷವೇ ಎಲ್ಲರೂ ಗೆದ್ದ ಹಾಡಿನಂಥದ್ದನ್ನೇ ಬರೆದುಕೊಂಡು ಬರುತ್ತಾರೆ.